ಕಿಟಕಿ ಪಕ್ಕದ ಮಂಚ

ನಮ್ಮೂರಿನಲ್ಲಿ ಆಸ್ಪತ್ರೆಯ ಸಿಸ್ಟರ್ ಜೊತೆ ಬೆಳಿಗ್ಗೆ ಹೊತ್ತು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಬಸ್ಸಿನಲ್ಲಿ ನಮ್ಮ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ "ನಾಳೆ ಕೊಡಿ ಸಿಸ್ಟರ್" ಅನ್ನುತ್ತಾನೆ. ಬೇರೆಯವರಿಗಾದರೆ ಅವನ ಬಾಯಿ ಕೇಳಲಾಗುವುದಿಲ್ಲ. ಸೊಪ್ಪಿನವಳು ಬಾಡಿದ ಕಟ್ಟನ್ನು ನಮ್ಮ ಚೀಲಕ್ಕೆ ಹಾಕುವುದಿಲ್ಲ. ಅತ್ತೆ ಸೊಸೆ ಜಗಳ ಎಲ್ಲ ಊರಿನಂತೆ ನಮ್ಮಲ್ಲೂ ಉಂಟು, ಆದರೆ ಸೊಸೆ ಸಿಸ್ಟರಾಗಿದ್ದರೆ ಅತ್ತೆ ಅದನ್ನು ರಜದ ದಿನಕ್ಕೆ ಎತ್ತಿಡುತ್ತಾಳೆ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಎಂಥಾ ಗೌರವ ಅಂದುಕೊಳ್ಳುತ್ತಾರೆ. ಗೌರವವೂ ಇಲ್ಲ, ಮಣ್ಣೂ ಇಲ್ಲ. ಹೆದರಿಕೆ. ಇವತ್ತು ನನ್ನ ಬಾಯಿಂದ ಇವಳ ಮನಸ್ಸು ಕೆಟ್ಟರೆ ನನ್ನ ಮನೆಯವರೇ ಇವಳ ಕಣ್ಣಿಗೆ ಕಾಣದೆ ಹೋದಾರು ಅನ್ನುವ ಹೆದರಿಕೆ.

ಯಾಕೆಂದರೆ ನಮ್ಮಲ್ಲಿ ಸಿಸ್ಟರಿಗೆ ವಾರ್ಡಿನ ಎಲ್ಲ ರೋಗಿಗಳೂ ಕಾಣುವುದಿಲ್ಲ. ಬಾಗಿಲ ಕಡೆಯಿಂದ ಶುರುವಾಗಿ ಇಂತಿಷ್ಟು ಮಂಚದವರೆಗೆ ಕಾಣುತ್ತಾರೆ, ಅಲ್ಲಿಂದಾಚೆಗೆ ಬರೀ ಮಂಚ. ಹಾಸಿಗೆ ಇರುತ್ತದೆ, ಹೊದಿಕೆ ಇರುತ್ತದೆ, ಮನುಷ್ಯರು ಇರುವುದಿಲ್ಲ. ಕೈಗೂ ಸಿಕ್ಕುವುದಿಲ್ಲ, ಅವರು ಕೂಗಿದರೆ ಕಿವಿಗೂ ಬೀಳುವುದಿಲ್ಲ. ಡಾಕ್ಟರಿಗೆ, ನೆಲ ಒರೆಸುವವರಿಗೆ, ನೋಡಲು ಬರುವ ನೆಂಟರಿಗೆ ಎಲ್ಲರೂ ಕಾಣುತ್ತಾರೆ. ನಮಗೆ ಮಾತ್ರ ಹೀಗೆ. ಎಷ್ಟು ಮಂಚ ಅನ್ನುವುದು ದಿನದಿನಕ್ಕೂ ಬೇರೆ. ಚೆನ್ನಾಗಿ ನಿದ್ದೆಯಾಗಿ, ಮನೆಯಲ್ಲಿ ಯಾರಿಗೂ ಕಾಯಿಲೆ ಕಸಾಲೆ ಇಲ್ಲದೆ, ಕೂತು ನಾಲ್ಕು ತುತ್ತು ತಿಂದು ಬಂದಿದ್ದರೆ ಎಂಟು, ಒಂಬತ್ತು ಮಂಚ. ಡಾಕ್ಟರು ಎಲ್ಲರೆದುರು ಬೈದರೆ ಎರಡು ಕಡಿಮೆ. ತಪ್ಪಿಲ್ಲದೆ ಬೈಸಿಕೊಂಡಿದ್ದರೆ ಮೂರು. ರೋಗಿಯ ಮನೆಯವರು ಹೋಗುವಾಗ ಕೈಹಿಡಿದು "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಅಂದರೆ ಒಂದು ಜಾಸ್ತಿ. ಹುಷಾರಿಲ್ಲದ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದವಳಿಗೆ ಬಾಗಿಲ ಹತ್ತಿರದ ಒಂದೆರಡು ಮಂಚ ಕಂಡರೆ ಹೆಚ್ಚು.

ಇದಕ್ಕೊಂದು ಪದ್ಧತಿ ಇತ್ತು. ಡ್ಯೂಟಿಗೆ ಬಂದವಳು ವಾರ್ಡಿನ ಹೊಸ್ತಿಲ ಮೇಲೆ ನಿಂತು, ಕಂಡಷ್ಟನ್ನು ಬಾಯಿಬಿಟ್ಟು ಹೇಳಬೇಕು. "ಏಳು" ಅಂದರೆ ಎಂಟನೆಯ ಮಂಚದಿಂದ ಇನ್ನೊಬ್ಬಳು, ಕಿಟಕಿ ಕಡೆಯ ಬಾಗಿಲಿಂದ ಒಳಗೆ ಬಂದು ನಿಲ್ಲುತ್ತಿದ್ದಳು. ಯಾವ ವಾರ್ಡಿಗೆ ಯಾವ ಬಾಗಿಲಿಂದ ಬಂದೆವೋ ಪಾಳಿ ಮುಗಿಯುವವರೆಗೆ ಲೆಕ್ಕ ಅಲ್ಲಿಂದಲೇ, ಬೇರೆ ಕಡೆ ಹೋದರೆ ಒಬ್ಬರೂ ಕಾಣುವುದಿಲ್ಲ. ನಡುವೆ ಯಾರಾದರೂ ಕಣ್ಣಿಂದ ಜಾರಿದರೆ ಪಕ್ಕದ ಮಂಚದವರು ಅವರ ಮಂಚದ ಕಂಬಿಗೆ ಕೆಂಪು ಬಟ್ಟೆಯ ತುಂಡೊಂದನ್ನು ಕಟ್ಟುತ್ತಿದ್ದರು. ಬಟ್ಟೆ ನೋಡಿದರೆ ನಾವು ನಾಚಿಕೆ ಪಟ್ಟುಕೊಳ್ಳುತ್ತಿರಲಿಲ್ಲ. "ಏ, ನನಗೆ ಒಂಬತ್ತು ಜಾರಿತು ಕಣೇ, ಸ್ವಲ್ಪ ಬಾ" ಅಂತ ಇನ್ನೊಬ್ಬಳನ್ನು ಕರೆಯುತ್ತಿದ್ದೆವು, ಅಷ್ಟೇ.

ನನ್ನ ಹೆಸರು ವಾರಿಜ. ಹೆಂಗಸರ ವಾರ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಮದುವೆಯಾಗಲಿಲ್ಲ, ಆಗಬೇಕು ಅನ್ನಿಸಲಿಲ್ಲ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ನನ್ನ ಬಾಯಿ ಸರಿಯಿಲ್ಲ ಅಂತ ಊರೆಲ್ಲ ಹೇಳುತ್ತದೆ, ನಾನೂ ಇಲ್ಲ ಅನ್ನುವುದಿಲ್ಲ. ಮಳೆ ಬರಲಿ ಬಿಸಿಲಿರಲಿ ನನಗೆ ಎಂಟು ಮಂಚ ಕಾಣುತ್ತಿತ್ತು, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಗಂಡ ಮಕ್ಕಳ ತಾಪತ್ರಯ ಇಲ್ಲದ್ದರಿಂದ ಎಂಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಜಂಬ ಕೊಚ್ಚುತ್ತಿದ್ದೆ. ಯಾಕೆ ಏರುವುದೂ ಇಲ್ಲ ಅಂತ ಕೇಳಿಕೊಂಡಿರಲಿಲ್ಲ.

ನನ್ನ ಜೊತೆಗಾತಿ ಮುಬೀನಾ. ನನಗಿಂತ ಬಹಳ ಚಿಕ್ಕವಳು, ಬಾಯ್ತುಂಬ ಅಕ್ಕ ಅಕ್ಕ ಅನ್ನುತ್ತಿದ್ದಳು. ಅವಳ ಕೈ ಎಷ್ಟು ಹಗುರ ಅಂದರೆ ಸೂಜಿ ಚುಚ್ಚಿಸಿಕೊಂಡವರು "ಇನ್ನೂ ಚುಚ್ಚಿಲ್ವಾ?" ಅಂತ ಕೇಳುತ್ತಿದ್ದರು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ಜೀನತ್. ಆ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕೈಸನ್ನೆಯಲ್ಲಿ ಪಾಠ ಹೇಳಿಕೊಡುವ ಶಾಲೆ ಆ ಸುತ್ತಿಗೆಲ್ಲ ನಮ್ಮೂರಿನಲ್ಲಿ ಒಂದೇ ಇತ್ತು. ಅದಕ್ಕೋಸ್ಕರವೇ ಮುಬೀನಾ ಈ ಊರಿಗೆ ಬಂದದ್ದು. ತಾಯಿ ಮಗಳು ಸಂತೆಯಲ್ಲಿ ಕೈಯಲ್ಲೇ ಜಗಳವಾಡುತ್ತ ಹೋಗುವುದನ್ನು ನೋಡಬೇಕು. ಮುಬೀನಾ ಸೋತಾಗ ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಿಡುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯ ಆಡಳಿತಕ್ಕೆ ಅಂತ ಪದ್ಮರಾಜಯ್ಯ ಅನ್ನುವವರು ಬೇರೆ ಊರಿನಿಂದ ಬಂದರು. ಕೆಟ್ಟವರೇನಲ್ಲ. ಶಿಸ್ತಿನ ಮನುಷ್ಯ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಹೊಸ್ತಿಲ ಪದ್ಧತಿ ನೋಡಿ ಅವರಿಗೆ ನಗು ಬಂತು. "ಕಾಣಲ್ಲ ಅನ್ನೋದು ಮನಸ್ಸಿಲ್ಲದವರ ಮಾತು. ಮನಸ್ಸಿದ್ರೆ ಮಾರ್ಗ" ಅಂದರು. ಕಂಬಿಗೆ ಕಟ್ಟಿದ ಕೆಂಪು ಬಟ್ಟೆ ಅಸಹ್ಯವಾಗಿ ಕಾಣುತ್ತದೆ ಅಂತ ತೆಗೆಸಿಹಾಕಿದರು. ಯಾರಿಗೆ ಹೆಚ್ಚು ಮಂಚ ಕಾಣುತ್ತದೋ ಅವರಿಗೆ ತಿಂಗಳಿಗೊಮ್ಮೆ ಸಭೆ ಮಾಡಿ ಶಾಲು ಹೊದಿಸಿದರು. ಕಡಿಮೆ ಹೇಳಿದವರನ್ನು ಬೆಟ್ಟದ ಮೇಲಿನ ಆಸ್ಪತ್ರೆಗೆ ವರ್ಗ ಮಾಡತೊಡಗಿದರು. ವರ್ಗವಾಗಿ ಹೋದವರ ಜಾಗಕ್ಕೆ ಯಾರೂ ಬರಲಿಲ್ಲ.

ಆಮೇಲೆ ನೋಡಿ, ಇಡೀ ಆಸ್ಪತ್ರೆಯ ಸಿಸ್ಟರುಗಳ ಕಣ್ಣು ಚುರುಕಾಯಿತು! ಏಳು ಅನ್ನುತ್ತಿದ್ದವಳು ಹತ್ತು ಅಂದಳು, ಹತ್ತು ಅಂದವಳ ಪಕ್ಕದವಳು ಹನ್ನೊಂದು. ಹೊಸ್ತಿಲ ಮೇಲೆ ನಿಂತು ಬಾಯಿಗೆ ಬಂದಷ್ಟು ಹೇಳಿ, ಒಳಗೆ ಹೋಗಿ ಕುರುಡುಗಣ್ಣಿನಿಂದ ಕೆಲಸ ಮಾಡುವುದು ಅಭ್ಯಾಸವಾಯಿತು. ಖಾಲಿ ಕಾಣುವ ಮಂಚದ ದಿಂಬಿನ ಮೇಲೆ ಮಾತ್ರೆ ಇಟ್ಟು, ನೀರಿನ ಲೋಟ ಪಕ್ಕಕ್ಕಿಟ್ಟು, "ನುಂಗಮ್ಮ" ಅಂತ ಗಾಳಿಗೆ ಹೇಳಿ ಮುಂದೆ ಹೋಗುತ್ತಿದ್ದರು. ಎದ್ದು ಕೂರಬಲ್ಲ ರೋಗಿಯಾದರೆ ತಾನೇ ತೆಗೆದುಕೊಂಡು ನುಂಗುತ್ತಿದ್ದಳು. ಏಳಲಾಗದವಳ ಮಾತ್ರೆ ಅಲ್ಲೇ ಕರಗುತ್ತಿತ್ತು. ನನ್ನ ಎಂಟು ಎಂಟಾಗಿಯೇ ಉಳಿಯಿತು, ನನ್ನನ್ನು ವರ್ಗ ಮಾಡಲು ಬಂದ ಆರ್ಡರು ಮಾತ್ರ ನನ್ನ ಆಪರೇಷನ್ ನೆಪದಲ್ಲಿ ನಿಂತಿತ್ತು.

ಆ ಆಪರೇಷನ್ನಿನ ವಿಷಯವನ್ನೇ ಹೇಳಬೇಕಿರುವುದು. ಗರ್ಭಕೋಶ ತೆಗೆಸಬೇಕು ಅಂತ ಡಾಕ್ಟರು ಬಹಳ ದಿನದಿಂದ ಹೇಳುತ್ತಿದ್ದರು. ನಾನು ಮುಂದೂಡುತ್ತ ಬಂದಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಆಯಿತು. ಎಚ್ಚರವಾದಾಗ ನನ್ನದೇ ವಾರ್ಡಿನ ಹನ್ನೊಂದನೆಯ ಮಂಚದಲ್ಲಿದ್ದೆ. ಮೊದಲು ಗಮನಕ್ಕೆ ಬಂದದ್ದು ನೋವಲ್ಲ. ವಾರ್ಡು ಪೂರಾ ಕಾಣುತ್ತಿತ್ತು. ಬಿಳಿ ಸೀರೆ ಬಿಚ್ಚಿಟ್ಟು ರೋಗಿಯಾಗಿ ಮಲಗಿದ್ದೆನಲ್ಲ, ಹನ್ನೆರಡು ಮಂಚ, ಹನ್ನೆರಡರಲ್ಲೂ ಜನ. ಇಷ್ಟು ವರ್ಷ ಕೆಲಸ ಮಾಡಿದ ಜಾಗವನ್ನು ಅವತ್ತು ಮೊದಲ ಸಲ ನೋಡಿದೆ. ಕಿಟಕಿಯ ಆಚೆ ಒಂದು ಹೊಂಗೆಮರ ಇದೆ ಅನ್ನುವುದೂ ಆಗಲೇ ತಿಳಿದದ್ದು.

ಕಿಟಕಿ ಪಕ್ಕದ ಹನ್ನೆರಡನೆಯ ಮಂಚದಲ್ಲಿ ಚೆನ್ನಾಜಿ ಅಂತ ಒಬ್ಬ ಮುದುಕಿ ಇದ್ದಳು. ಎದೆಯ ತೊಂದರೆ, ಉಬ್ಬಸ. ಯಾರೋ ಗಾಡಿಯವನು ತಂದು ಸೇರಿಸಿ ಹೋಗಿದ್ದ, ನೋಡಿಕೊಳ್ಳಲು ಜೊತೆಗೆ ಯಾರೂ ಇರಲಿಲ್ಲ. "ಬಾರವ್ವ ಬಾ, ನಮ್ಮ ಕೇರಿಗೆ ಬಂದೆ" ಅಂತ ನನ್ನನ್ನು ನೋಡಿ ಬೊಚ್ಚು ಬಾಯಲ್ಲಿ ನಕ್ಕಳು. "ಕಾಣದಿರೋರ ಕೇರಿ ಇದು. ಬಂದಾಗಿಂದ ಒಬ್ಬ ಸಿಸ್ಟರಮ್ಮನೂ ನನ್ನ ಮುಖ ನೋಡಿಲ್ಲ." ಬೇಜಾರಿನಿಂದ ಹೇಳಲಿಲ್ಲ, ಬಿಸಿಲು ಜಾಸ್ತಿ ಅಂದ ಹಾಗೆ ಹೇಳಿದಳು.

ಅವತ್ತು ವಾರ್ಡಿಗೆ ಮುಬೀನಾ ಒಬ್ಬಳೇ. ಹಿಂದಿನ ಪಾಳಿಯೂ ಅವಳದೇ. ಬದಲಿಗೆ ಯಾರೂ ಬರದೆ ಮನೆಗೆ ಹೋಗದೆ ಹಾಗೇ ಮುಂದುವರಿದಿದ್ದಳು. ಬೆಳಿಗ್ಗೆ ಪದ್ಮರಾಜಯ್ಯನವರು ಹೊಸ್ತಿಲ ಹತ್ತಿರ ನಿಂತಿದ್ದಾಗ ಅವಳು "ಹನ್ನೆರಡು" ಅಂದಳಂತೆ. ಬೇರೆ ಏನು ಹೇಳಿಯಾಳು? ಬೆಟ್ಟಕ್ಕೆ ಹಾಕಿದರೆ ಜೀನತ್ ಶಾಲೆ ಅಲ್ಲಿಗೆ ಮುಗಿಯಿತು. ಅವಳಿಗೆ ಕಾಣುತ್ತಿದ್ದದ್ದು ಆರು. ಹನ್ನೊಂದರಲ್ಲಿ ನಾನಿದ್ದೇನೆ ಅಂತ ಗೊತ್ತಿತ್ತು ಪಾಪ. ಮಧ್ಯೆ ಮಧ್ಯೆ ಬಂದು ನನ್ನ ಮಂಚದ ಹತ್ತಿರ ನಿಂತು, "ಅಕ್ಕಾ, ನೋವಿದೆಯಾ? ನೀರು ಇಟ್ಟಿದೀನಿ ಅಕ್ಕ" ಅನ್ನುತ್ತಿದ್ದಳು. ದಿಂಬಿನ ಕಡೆ ನೋಡುವ ಬದಲು ಕಾಲಿನ ಕಡೆ ನೋಡುತ್ತಿದ್ದಳು. "ಇಲ್ಲಿದೀನಿ ಕಣೇ ಕತ್ತೆ" ಅಂತ ನಾನು ಬೈದರೆ ಅವಳಿಗೆ ಕೇಳಿಸಲಿಲ್ಲ. ಹೊದಿಕೆ ಸರಿಮಾಡುವಾಗ ಅವಳ ಕೈ ನನ್ನ ಮೇಲೆ ಹಾಯ್ದು ಹೋಯಿತು, ನನಗೆ ಅದರ ಬಿಸಿಯೂ ತಾಗಲಿಲ್ಲ.

ಮಧ್ಯಾಹ್ನ, ನೋಡಲು ಬಂದವರನ್ನೆಲ್ಲ ಹೊರಗೆ ಕಳಿಸಿ ಗೇಟು ಹಾಕಿದ ಮೇಲೆ, ನನ್ನ ಕೆಳಗೆ ಒದ್ದೆಯಾದಂತೆ ಆಯಿತು. ಕೈ ಹಾಕಿ ನೋಡಿಕೊಂಡೆ. ರಕ್ತ. ಆಪರೇಷನ್ ಆದವರಿಗೆ ಸ್ವಲ್ಪ ಹೋಗುವುದು ಇದ್ದದ್ದೇ, ಆದರೆ ಇದು ಸ್ವಲ್ಪವಲ್ಲ. ನಾಲಿಗೆ ಒಣಗುತ್ತಿತ್ತು, ಹಣೆ ತಣ್ಣಗೆ ಬೆವರುತ್ತಿತ್ತು. ನನ್ನ ನಾಡಿ ನಾನೇ ಹಿಡಿದು ನೋಡಿದೆ, ಸಣ್ಣಗೆ ಓಡುತ್ತಿತ್ತು. ಎಷ್ಟು ಜನರನ್ನು ಈ ಸ್ಥಿತಿಯಲ್ಲಿ ನೋಡಿಲ್ಲ ನಾನು! ಒಳಗೆ ಎಲ್ಲೋ ಕಟ್ಟು ಬಿಚ್ಚಿದೆ, ಮತ್ತೆ ಹೊಟ್ಟೆ ತೆರೆಯಬೇಕು, ತಡಮಾಡಿದರೆ ಹೋದೆ ಅಂತ ಗೊತ್ತಾಯಿತು. ಹತ್ತನೆಯ ಮಂಚದವಳಿಗೆ ಹೇಳಿದೆ. ಅವಳು ಗಾಬರಿಯಲ್ಲಿ ಮುಂದಿನವರಿಗೆ ಹೇಳಿದಳು. ಆರನೆಯ ಮಂಚದ ಹುಡುಗಿ, ನಡೆಯಬಲ್ಲವಳು, ಥಿಯೇಟರ್ ತನಕ ಓಡಿದಳು. ಅಲ್ಲಿ ಬಾಗಿಲ ಮೇಲೆ ಕೆಂಪು ದೀಪ, ಒಳಗೆ ಇನ್ನೊಂದು ಆಪರೇಷನ್. ಬಾಗಿಲಲ್ಲಿದ್ದವನು "ರೋಗಿಗಳೆಲ್ಲ ಬಂದು ಕರೆದ್ರೆ ಡಾಕ್ಟ್ರು ಬರಕ್ಕಾಗತ್ತಾ? ಸಿಸ್ಟರ್ ನೋಡಿ ಹೇಳ್ಲಿ" ಅಂತ ವಾಪಸ್ಸು ಕಳಿಸಿದ.

ಆ ಹುಡುಗಿ ಬಂದವಳೇ ಬಾಗಿಲಿಂದ "ಸಿಸ್ಟರ್, ಹನ್ನೊಂದರಲ್ಲಿ ರಕ್ತ ಹರೀತಿದೆ, ವಾರಿಜಮ್ಮ ಸಾಯ್ತಾರೆ!" ಅಂತ ಕಿರುಚಿದಳು. ಮುಬೀನಾ ಕೈಯಲ್ಲಿದ್ದ ತಟ್ಟೆ ಬಿಟ್ಟು ಓಡಿಬಂದಳು. ನನ್ನ ಮಂಚದ ಮೇಲೆ ಬಗ್ಗಿ ಎರಡೂ ಕೈಯಿಂದ ತಡಕಾಡಿದಳು. "ಅಕ್ಕಾ, ಎಲ್ಲಿದೀರಕ್ಕಾ? ಯಾ ಅಲ್ಲಾ, ಎಲ್ಲಿ?" ಅವಳಿಗೆ ಹಾಸಿಗೆ ಒಣಗಿಯೇ ಕಾಣುತ್ತಿತ್ತು. ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಕಣ್ಣು ನನ್ನನ್ನು ದಾಟಿ ದಿಂಬನ್ನು ನೋಡುತ್ತಿತ್ತು. ಆಮೇಲೆ ತಿರುಗಿ "ಆ ಹುಡುಗಿ ಎಲ್ಲಿ? ಈಗ ಇಲ್ಲೇ ಇದ್ದಳಲ್ಲ?" ಅಂದಳು. ಹುಡುಗಿ ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದಳು. ಭಯಕ್ಕೆ ಮುಬೀನಾಳ ಕಣ್ಣು ಇನ್ನೂ ಹಿಂದಕ್ಕೆ ಹೋಗಿತ್ತು. ಆರು ಹೋಗಿ ನಾಲ್ಕಾಗಿತ್ತು.

ಥಿಯೇಟರಿಗೆ ಓಡಿಹೋಗಿ ನಾನು ಕಂಡೆ ಅಂತ ಸುಳ್ಳು ಹೇಳಬಾರದಿತ್ತಾ ಅಂತ ಆಮೇಲೆ ಕೇಳಿದವರಿದ್ದಾರೆ. ಎಷ್ಟು ರಕ್ತ ಹೋಗಿದೆ, ನಾಡಿ ಎಷ್ಟು, ಬಿ.ಪಿ. ಎಷ್ಟು ಅಂತ ಒಳಗಿನಿಂದ ಕೇಳುತ್ತಾರೆ; ಹೊಟ್ಟೆ ತೆರೆದಿಟ್ಟ ಇನ್ನೊಬ್ಬರನ್ನು ಬಿಟ್ಟು ಡಾಕ್ಟರು ಸುಮ್ಮನೆ ಬರುವುದಿಲ್ಲ. ಅವಳು ಏನು ಹೇಳಬೇಕಿತ್ತು?

ವಾರ್ಡಿನ ತುಂಬ ಗದ್ದಲ ಎದ್ದಿತು. ಆಗ ನನ್ನ ಪಕ್ಕದಿಂದ ಚೆನ್ನಾಜಿಯ ದನಿ. ಉಸಿರು ಎಳೆದೆಳೆದು ಹೇಳಿದಳು: "ಸುಮ್ನಿರ್ರೇ! ಹೆದರ್ಸಿದ್ರೆ ಕಣ್ಣು ಬತ್ತದಾ? ಆ ಮಗಿ ಉಂಡದೋ ಇಲ್ವೋ ಕೇಳ್ರೇ ಮೊದ್ಲು."

ಆ ಮಾತು ಮಂಚದಿಂದ ಮಂಚಕ್ಕೆ ದಾಟಿ ಬಾಗಿಲ ಕಡೆ ಹೋಯಿತು. ಮೊದಲನೆಯ ಮಂಚದಲ್ಲಿ ಪುಟ್ಟತಾಯಮ್ಮ ಅಂತ ಹೂ ಮಾರುವವಳು ಇದ್ದಳು, ಕಾಲು ಮುರಿದು ತೂಗುಹಾಕಿದ್ದರು. ಅವಳು ಮುಬೀನಾಳಿಗೆ ಕಾಣುತ್ತಿದ್ದವಳು. ನನ್ನ ಪ್ರಾಣ ಹೋಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು, ಆದರೂ ಸಂಜೆ ಜಗಲಿಯಲ್ಲಿ ಕೂತು ಮಾತಾಡುವವಳಂತೆ ಕರೆದಳು. "ಸಿಸ್ಟರಮ್ಮ, ಬಾ ಇಲ್ಲಿ. ಊಟ ಆಯ್ತಾ?"

"ಊಟ? ಏನಮ್ಮ ನೀವು, ಅಲ್ಲಿ ನಮ್ಮಕ್ಕ..." ಅಂತ ಮುಬೀನಾ ಗದರಿಸಲು ಹೋಗಿ ಅತ್ತುಬಿಟ್ಟಳು. "ನಿನ್ನೆ ಸಂಜೆ ತಿಂದಿದ್ದು" ಅಂದಳು.

"ಕೂತ್ಕೋ. ಬೀಳ್ತೀಯ ಹಾಗೆ ನಿಂತ್ರೆ." ಪುಟ್ಟತಾಯಮ್ಮ ತನ್ನ ಮಂಚದ ಅಂಚಿನಲ್ಲಿ ಅವಳನ್ನು ಕೂರಿಸಿಕೊಂಡಳು. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು, ಸ್ವಂತ ಕೈಯಿಂದ ತುತ್ತು ಮಾಡಿ ಬಾಯಿಗಿಟ್ಟಳು. ಮುಬೀನಾ ಬೇಡ ಬೇಡ ಅನ್ನುತ್ತಲೇ ನುಂಗಿದಳು. ಎರಡನೆಯ ಮಂಚದವಳು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. "ಮಗಳು ಹೆಂಗವ್ಳೆ ಸಿಸ್ಟರಮ್ಮ? ಅವತ್ತು ಬಂದು ನನ್ನ ಕಾಲಿನ ಕಟ್ಟಿನ ಮೇಲೆ ಚಿಟ್ಟೆ ಬರೆದು ಹೋದ್ಲಲ್ಲ" ಅಂತ ಪುಟ್ಟತಾಯಮ್ಮ ಕೇಳಿದಳು. ಮುಬೀನಾ ಕಣ್ಣೊರೆಸಿಕೊಂಡು ಚಿಟ್ಟೆಯನ್ನು ನೋಡಿದಳು. ನಾನು ಹನ್ನೊಂದನೆಯ ಮಂಚದಿಂದ ಇದನ್ನೆಲ್ಲ ನೋಡುತ್ತಿದ್ದೆ. ನನ್ನ ರಕ್ತ ಹೋಗುತ್ತಲೇ ಇತ್ತು. ಬೇಗ ತಿನ್ನೇ, ಬೇಗ ಬೇಗ ತಿನ್ನೇ ನನ್ನವ್ವ ಅಂತ ಒಳಗೇ ಅಂದುಕೊಳ್ಳುತ್ತಿದ್ದೆ. ಜೋರಾಗಿ ಅನ್ನಲಿಲ್ಲ, ಕೇಳಿಸುತ್ತಿರಲಿಲ್ಲ ಅಂತ ಗೊತ್ತಿದ್ದರೂ ಅನ್ನಲಿಲ್ಲ.

"ಅಯ್ಯೋ, ಇಲ್ಲೇ ಇದೀಯಲ್ಲೇ" ಅಂತ ಮುಬೀನಾ ಆರನೆಯ ಮಂಚದ ಹುಡುಗಿಯನ್ನು ನೋಡಿ ಅಂದಾಗ ವಾರ್ಡಿನಲ್ಲಿ ಎಲ್ಲರೂ ಉಸಿರು ಬಿಟ್ಟರು. ಕಣ್ಣು ಬರುತ್ತಿತ್ತು. ಹುಡುಗಿ "ತಪ್ಪಾಯ್ತು ಸಿಸ್ಟರ್, ಕಿರುಚಬಾರದಿತ್ತು" ಅಂದಳು. ಮುಬೀನಾ ಎದ್ದು ಒಂದೊಂದೇ ಮಂಚ ದಾಟಿ ಬರತೊಡಗಿದಳು. ಕಾಣಿಸಿದ ಪ್ರತಿಯೊಬ್ಬಳೂ ಅವಳಿಗೆ ಏನಾದರೂ ಒಂದು ಹೇಳಿದಳು. ಏಳನೆಯವಳು "ಮೊನ್ನೆ ನೀವು ಹಾಕಿದ ಕಟ್ಟು ಎಷ್ಟು ಹಿತವಾಗಿದೆ" ಅಂದಳು. ಎಂಟನೆಯವಳು ಕೈ ಹಿಡಿದಳು. ಒಂಬತ್ತನೆಯವಳು ನನ್ನ ಹಾಗೆ ಬಾಯಿಬಡುಕಿ; "ಬಂದ್ರಾ ಮಹಾರಾಣಿ, ನಾನೇನು ನಿಮ್ಮ ಸವತೀನಾ, ಇಷ್ಟೊತ್ತು ನನ್ನ ಮುಖ ನೋಡಲ್ಲ ಅಂತಿದ್ರಲ್ಲ" ಅಂದಾಗ ಮುಬೀನಾಳಿಗೆ ಅಳುವಿನ ಮಧ್ಯೆ ನಗು ಬಂತು. ನಗುತ್ತಿದ್ದ ಹಾಗೆ ಹತ್ತನೆಯವಳು ಕಂಡಳು. ಇನ್ನೊಂದೇ ಮಂಚ. ನನಗೆ ಕಣ್ಣು ಕತ್ತಲಿಡಲು ಶುರುವಾಗಿತ್ತು.

ಆಗಲೇ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಪದ್ಮರಾಜಯ್ಯನವರು ಬೇರೆ ಊರಿನ ನಾಲ್ಕಾರು ಅಧಿಕಾರಿಗಳನ್ನು ಕರೆದುಕೊಂಡು ಬಂದಿದ್ದರು, ನಮ್ಮ ಆಸ್ಪತ್ರೆಯ ಹೊಸ ವ್ಯವಸ್ಥೆ ತೋರಿಸಲು. "ನೋಡಿ, ಇಡೀ ವಾರ್ಡಿಗೆ ಒಬ್ಬರೇ. ಮೊದಲು ಇಲ್ಲಿ ಇಬ್ಬರು ಮೂವರು ಇರ್ತಿದ್ರು" ಅಂದರು. ಆಮೇಲೆ ಮುಬೀನಾಳ ಕಡೆ ತಿರುಗಿ, "ಎಷ್ಟು ಕಾಣ್ತಿದೆ, ಹೇಳಮ್ಮ ಇವರಿಗೆ" ಅಂದರು.

ಮುಬೀನಾ ಹತ್ತನೆಯ ಮಂಚದ ಕಂಬಿ ಹಿಡಿದು ನಿಂತಿದ್ದಳು. ಹನ್ನೆರಡು ಅಂದುಬಿಟ್ಟರೆ ಅವರು ತಲೆಯಾಡಿಸಿ ಮುಂದಿನ ವಾರ್ಡಿಗೆ ಹೋಗುತ್ತಾರೆ, ಜೀನತ್ ನಾಳೆಯೂ ಶಾಲೆಗೆ ಹೋಗುತ್ತಾಳೆ. ನನಗೆ ಅವಳ ಮುಖದಲ್ಲಿ ಅದೆಲ್ಲ ಕಂಡಿತು. ಹೇಳಿಬಿಡು ಅಂತ ನನಗೂ ಒಂದು ಕ್ಷಣ ಅನ್ನಿಸಿತು, ದೇವರಾಣೆ. ಆ ಮಗುವಿನ ಮುಖ ನನಗೂ ನೆನಪಾಗಿತ್ತು. ಅದರ ಹಿಂದೆಯೇ ಬದುಕಬೇಕು ಅಂತಲೂ ಅನ್ನಿಸಿತು, ಅದು ಜೋರಾಗಿ ಅನ್ನಿಸಿತು.

"ಏಳು" ಅಂದಳು ಮುಬೀನಾ. "ನೀವು ಬರೋ ಮುಂಚೆ ಹತ್ತು ಇತ್ತು ಸಾರ್."

ಪದ್ಮರಾಜಯ್ಯನವರು ಅಧಿಕಾರಿಗಳ ಮುಖ ನೋಡಿದರು.

"ಬೆಳಿಗ್ಗೆ ಹನ್ನೆರಡು ಅಂದಿದ್ದು ಸುಳ್ಳು. ಆಗ ಕಾಣ್ತಿದ್ದದ್ದು ಆರು. ನಿದ್ದೆ ಮಾಡಿಲ್ಲ ಸಾರ್ ನಾನು. ಹನ್ನೊಂದರಲ್ಲಿ ನಮ್ಮಕ್ಕ ಮಲಗಿದಾಳೆ, ರಕ್ತ ಹೋಗ್ತಿದೆ ಅಂತಿದಾರೆ, ನನಗೆ ಕಾಣಿಸ್ತಾ ಇಲ್ಲ. ಬೇಕಾದ್ರೆ ಬೆಟ್ಟಕ್ಕೆ ಹಾಕಿ. ಎಲ್ಲಿಗಾದ್ರೂ ಹಾಕಿ. ನನ್ನ ಕೈಲಿ ಇನ್ನು ಆಗಲ್ಲ." ಇಷ್ಟನ್ನೂ ಅವಳು ಕೂಗದೆ ಹೇಳಿದಳು. ಹೇಳಿ ಮುಗಿಸಿ, ಹೊತ್ತ ಹೊರೆ ಇಳಿಸಿದವಳಂತೆ ಮೂಗು ಒರೆಸಿಕೊಂಡು ನನ್ನ ಮಂಚದ ಕಡೆ ತಿರುಗಿದಳು. ಅವಳ ಕಣ್ಣು ದಿಂಬಿನ ಮೇಲೆ ಓಡಾಡಿತು. ಆಮೇಲೆ ನಿಂತಿತು. ನನ್ನ ಮೇಲೆ ನಿಂತಿತು.

"ಅಕ್ಕಾ" ಅಂದಳು.

"ಈಗ ಬಂದ್ಯಾ, ಮುಂಡೇದೆ" ಅಂದೆ ನಾನು. ಅವಳಿಗೆ ಕೇಳಿಸಿತು.

ಆಮೇಲೆ ಅವಳು ಅಳಲಿಲ್ಲ. ನನ್ನ ನಾಡಿ ಹಿಡಿದಳು, ಹೊದಿಕೆ ತೆಗೆದು ನೋಡಿದಳು, ಡ್ರಿಪ್ಪನ್ನು ಪೂರ್ತಿ ಬಿಟ್ಟಳು. "ಸಾರ್, ಬನ್ನಿ ಇಲ್ಲಿ, ಈ ಮಂಚದ ಕಾಲಿನ ಕಡೆ ಎತ್ತಿ ಹಿಡೀರಿ. ಇನ್ನೂ ಮೇಲೆ. ಬಿಡಬೇಡಿ" ಅಂದಳು. ಪದ್ಮರಾಜಯ್ಯನವರು ಎರಡೂ ಕೈಯಿಂದ ಎತ್ತಿ ಹಿಡಿದರು, ಆ ಅಧಿಕಾರಿಗಳಲ್ಲೊಬ್ಬರೂ ಬಂದು ಕೈಹಾಕಿದರು. ಬಿ.ಪಿ. ನೋಡಿಕೊಂಡು ಅವಳು ಥಿಯೇಟರಿಗೆ ಓಡಿದಳು. ಬಾಗಿಲಲ್ಲಿದ್ದವನು ಈ ಸಲ ದಾರಿ ಬಿಟ್ಟ. ಡಾಕ್ಟರು ಕೈಯಲ್ಲಿದ್ದ ಆಪರೇಷನ್ನಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದರಂತೆ, ಕೂಡಲೇ ತರಲು ಹೇಳಿದರು.

ಸ್ಟ್ರೆಚರ್ ಬಂದು ನನ್ನನ್ನು ಎತ್ತಿ ಮಲಗಿಸಿದಾಗ ಮುಬೀನಾ ಸಮಾಧಾನದ ಉಸಿರು ಬಿಟ್ಟು ತಲೆಯೆತ್ತಿದಳು. ನನ್ನನ್ನು ದಾಟಿ ಕಿಟಕಿಯ ಕಡೆ ನೋಡಿದಳು. ಅವಳಿಗೆ ಹನ್ನೆರಡೂ ಕಂಡಿತ್ತು. "ಅಜ್ಜೀ" ಅಂದಳು. ಆ ದನಿ ಕೇಳಿ ನಾನು ಕಷ್ಟಪಟ್ಟು ತಲೆ ತಿರುಗಿಸಿದೆ.

ಚೆನ್ನಾಜಿ ನನ್ನ ಮಂಚದ ಕಡೆಗೇ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಯಾವಾಗ ಹೋದಳೋ ಯಾರೂ ನೋಡಿರಲಿಲ್ಲ. ಅವಳು ಸಿಸ್ಟರಿಗೆ ಕಾಣದವಳು, ಸರಿ. ಆದರೆ ನಮಗೆಲ್ಲ ಕಾಣುತ್ತಿದ್ದಳಲ್ಲ? ಹತ್ತು ಜನ ಹೆಂಗಸರು ನನ್ನ ಮಂಚವನ್ನೇ ನೋಡುತ್ತಿದ್ದರು, ನಾನು ಮುಬೀನಾಳನ್ನೇ ನೋಡುತ್ತಿದ್ದೆ. ಕೈಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬಳು ಉಸಿರಿಗೆ ಒದ್ದಾಡಿ ಸತ್ತಿದ್ದಳು. ಇರುವ ಅಷ್ಟಿಷ್ಟು ಉಸಿರನ್ನು ನನ್ನ ಸಲುವಾಗಿ ಮಾತಾಡಿ ಮುಗಿಸಿದ್ದಳು. ಸ್ಟ್ರೆಚರ್ ಹೊರಗೆ ಹೋಗುವಾಗ ಪದ್ಮರಾಜಯ್ಯನವರು ಇನ್ನೂ ನನ್ನ ಖಾಲಿ ಮಂಚದ ಕಾಲನ್ನು ಎತ್ತಿ ಹಿಡಿದೇ ನಿಂತಿದ್ದರು. ಬಿಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಬದುಕಿದೆ. ಮಾರನೆಯ ದಿನದಿಂದ ಎಲ್ಲ ವಾರ್ಡುಗಳ ಹೊಸ್ತಿಲ ಮೇಲೆ ಸಿಸ್ಟರುಗಳು ಕಂಡಷ್ಟೇ ಹೇಳಿದರಂತೆ. ಐದು, ನಾಲ್ಕು, ಒಬ್ಬಳು ಎರಡು ಅಂದಳಂತೆ. ಪದ್ಮರಾಜಯ್ಯನವರು ಯಾರಿಗೂ ಏನೂ ಅನ್ನಲಿಲ್ಲ. ಚೆನ್ನಾಜಿಯ ಮಣ್ಣಿಗೆ ಅವರೇ ಹೋಗಿದ್ದರು, ಬಂಧು ಬಳಗ ಅಂತ ಇನ್ಯಾರೂ ಬಂದಿರಲಿಲ್ಲ. ನಿಧಾನಕ್ಕೆ ಹೊಸ ಸಿಸ್ಟರುಗಳು ಬಂದರು, ಕಂಬಿಗಳ ಮೇಲೆ ಕೆಂಪು ಬಟ್ಟೆ ಬಂತು, ನನ್ನ ವರ್ಗದ ಆರ್ಡರನ್ನು ಅವರು ಹರಿದು ಹಾಕಿದರು. ಮುಬೀನಾಳದು ಮಾತ್ರ ಆಗಲಿಲ್ಲ. ಜೊತೆಗೆ ಬಂದಿದ್ದ ಅಧಿಕಾರಿಗಳು ಅವಳು ಸುಳ್ಳು ಹೇಳಿದ್ದನ್ನು ಮೇಲಕ್ಕೆ ತಿಳಿಸಿದ್ದರು, ಅಲ್ಲಿಂದ ಹೊರಟ ಆರ್ಡರನ್ನು ನಿಲ್ಲಿಸುವುದು ಇವರ ಕೈಯಲ್ಲಿರಲಿಲ್ಲ. ಅವರು ಎರಡು ಸಲ ಹೋಗಿ ಬೇಡಿಕೊಂಡು ಬಂದರು ಅಂತ ಕೇಳಿದ್ದೇನೆ.

ಮುಬೀನಾ ಟ್ರಂಕು ಕಟ್ಟುತ್ತಿದ್ದಾಗ ನಾನು ಕೋಲೂರಿಕೊಂಡು ಅವಳ ಮನೆಗೆ ಹೋದೆ. "ಹುಡುಗೀನ ನನ್ನ ಹತ್ರ ಬಿಡು. ಶಾಲೆ ಮುಗೀಲಿ" ಅಂದೆ. "ನಿಮಗೆ ಕೈಮಾತು ಬರಲ್ಲವಲ್ಲ ಅಕ್ಕ" ಅಂದಳು. "ಕಲಿತೀನಿ. ನನ್ನ ಬಾಯಿ ಕೇಳದೇ ಇರೋರು ಈ ಊರಲ್ಲಿ ಅವಳೊಬ್ಬಳೇ, ನನಗೂ ಒಳ್ಳೇದು" ಅಂದೆ. ಅವಳು ನಕ್ಕಳು, ಆಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟಳು.

ಜೀನತ್ ಬಂದ ಮೇಲೆ ನಾನು ಮೊದಲು ಕಲಿತ ಸನ್ನೆ ಇದು. ಬೆರಳುಗಳನ್ನು ಒಟ್ಟುಮಾಡಿ ಬಾಯಿಗೆ ಮುಟ್ಟಿಸಿ ಹುಬ್ಬು ಎತ್ತಬೇಕು: ಊಟ ಆಯ್ತಾ? ಡ್ಯೂಟಿಗೆ ಹೊರಡುವಾಗ ದಿನಾ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಾಳೆ. ಆಯ್ತು ಅಂತ ಸುಳ್ಳು ಹೇಳಿದರೆ ಅಡುಗೆಮನೆಗೆ ಎಳೆದುಕೊಂಡು ಹೋಗಿ ತಟ್ಟೆ ಮುಟ್ಟಿ ನೋಡುತ್ತಾಳೆ. ನಾನು ಮತ್ತೆ ಕೆಲಸಕ್ಕೆ ಹೋದ ದಿನ ಹೊಸ್ತಿಲ ಮೇಲೆ ನಿಂತೆ. ಎಂಟು ಕಂಡಿತು. ಒಂಬತ್ತು ಕಂಡಿತು. ಕಿಟಕಿಯವರೆಗೂ ಕಂಡಿತು, ಬಿಳಿ ಸೀರೆಯಲ್ಲಿ ನಿಂತೇ ಹನ್ನೆರಡೂ ಕಂಡಿತು. ಚೆನ್ನಾಜಿಯ ಮಂಚದಲ್ಲಿ ಯಾವುದೋ ಬಾಣಂತಿ ಮಲಗಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. ಇದು ಯಾರ ಕಣ್ಣು, ಯಾರಿಗೆ ಸೇರಬೇಕಾದದ್ದು ನನಗೆ ಬಂದಿದೆ ಅಂತ ನನಗೆ ಗೊತ್ತಿತ್ತು. ಊಟ ಆಯ್ತಾ ಅಂತ ಕೇಳುವ ಆ ಮಗು ಮುಬೀನಾಳದಲ್ಲವಾ?

ಅವತ್ತು ಡ್ಯೂಟಿ ಮುಗಿದ ಕೂಡಲೇ ಬೆಟ್ಟದ ಆಸ್ಪತ್ರೆಗೆ ಫೋನ್ ಮಾಡಿದೆ. "ಎಷ್ಟು ಕಾಣ್ತಿದೆಯೇ ಅಲ್ಲಿ?" ಅಂದೆ. ಮುಬೀನಾ "ಮೂರು ಅಕ್ಕ" ಅಂದಳು. "ಮೂರೇ ಅಂತ ಹೊಸ್ತಿಲ ಮೇಲೆ ಹೇಳ್ತೀನಿ. ಮಿಕ್ಕವರಿಗೆ ಬೇರೆಯವರಿದಾರೆ."

ಅಂದಿನಿಂದ ಅವಳು ಡ್ಯೂಟಿಗೆ ಹೊರಡುವ ಹೊತ್ತಿಗೆ ದಿನವೂ ಫೋನ್ ಮಾಡುತ್ತೇನೆ. ಜೀನತ್ ನನ್ನ ಎದುರು ಕೂತು, ಬೆರಳು ಬಾಯಿಗೆ ಮುಟ್ಟಿಸಿ ಹುಬ್ಬೆತ್ತುತ್ತಾಳೆ. ಅವಳ ಪರವಾಗಿ ನಾನು ಕೇಳುತ್ತೇನೆ.

"ಊಟ ಆಯ್ತೇನೇ?"

"ಆಯ್ತಕ್ಕ."

"ಸುಳ್ಳು ಬೊಗಳಬೇಡ. ಏನು ಮಾಡ್ಕೊಂಡಿದ್ದೆ?"

ಅವಳು ಹೇಳುತ್ತಾಳೆ. ಅನ್ನ, ತಿಳಿಸಾರು, ಒಂದಿಷ್ಟು ಉಪ್ಪಿನಕಾಯಿ. ನಾನು ಜೀನತ್ತಿಗೆ ಕೈಯಲ್ಲಿ ತಿಳಿಸುತ್ತೇನೆ. ಸಾರಿಗೆ ಯಾವ ಸನ್ನೆ ಅಂತ ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಅವಳು ತಿದ್ದುತ್ತಾಳೆ. ಆಮೇಲೆ ಸಂಜೆ ಮುಬೀನಾ ತಾನೇ ಫೋನ್ ಮಾಡುತ್ತಾಳೆ. ನಿನ್ನೆ ನಾಲ್ಕು ಕಂಡಿತಂತೆ.